ಬ್ಯಾಂಕಿನ ವಕೀಲರು ಯಾರ ವಕೀಲರು?

ಪಟಾನ್‌ಚೆರುವಿನಲ್ಲಿ ಫ್ಲ್ಯಾಟ್ ನೋಡಿದಾಗ "ಬ್ಯಾಂಕಿನವರೇ ಲೀಗಲ್ ಚೆಕ್ ಮಾಡಿಸ್ತಾರಲ್ಲ, ಇನ್ನೇನು?" ಅಂದ್ಕೊಂಡಿದ್ದೆ. ಪ್ಯಾನೆಲ್ ವಕೀಲರ ಫೀಸು ಸಾಮಾನ್ಯವಾಗಿ ನಮ್ಮ ಜೇಬಿಂದಲೇ ಹೋಗುತ್ತೆ. ಆದರೆ ವರದಿ ಬ್ಯಾಂಕಿಗೆ. ಈ ಆಸ್ತಿಯನ್ನ ಅಡ ಇಟ್ಟುಕೊಂಡು ಸಾಲ ಕೊಡಬಹುದಾ ಅನ್ನೋದೇ ಅವರಿಗೆ ಮುಖ್ಯ. ನನ್ನ ಸಾಲ ಪಾಸಾಯ್ತು. ಆಮೇಲೆ ನಾನೇ ಗೊತ್ತು ಮಾಡಿದ ವಕೀಲರು ಕರಾರು ಓದಿ, "ಪಾರ್ಕಿಂಗ್ ಇದರಲ್ಲಿ ಇಲ್ವಲ್ಲ ಸರ್" ಅಂದ್ರು! ಅದನ್ನ ಸೇರಿಸಿದ ಮೇಲೇ ಸಹಿ ಹಾಕಿದೆ.

ಅದಕ್ಕೇ ಹೇಳ್ತೀನಿ: ಟೋಕನ್ ಕೊಡೋ ಮೊದಲೇ ಸ್ವಂತ ವಕೀಲರನ್ನ ಹುಡುಕಿ, ಬಿಲ್ಡರ್ ತೋರಿಸಿದವರು ಬೇಡ. ನಮ್ಮೂರಲ್ಲಿ ಖಾತಾ ನೋಡೋ ಹಾಗೆ ಇಲ್ಲಿ ಲಿಂಕ್ ಡಾಕ್ಯುಮೆಂಟ್, ಇಸಿ, ಕಟ್ಟಡದ ಅನುಮತಿ, ನೋಂದಣಿ ಕಾಯ್ದೆಯ 22-ಎ ನಿಷೇಧಿತ ಪಟ್ಟಿ, ಇಷ್ಟನ್ನೂ ಪರಿಶೀಲಿಸೋಕೆ ಹೇಳಿ. ಬ್ಯಾಂಕಿನ ವರದಿಯ ಪ್ರತಿಯನ್ನೂ ಕೇಳಿ. ಕೇಳೋದ್ರಲ್ಲಿ ನಷ್ಟ ಏನಿಲ್ಲ.