ಮತಪೆಟ್ಟಿಗೆ ಕಲಿಸಿದ ಪಾಠ

ರಾಜ್ಯಾಡಳಿತವೆಂಬುದು ಬಹುಕಾಲ ಅರಮನೆಯ ಒಳಗಿನ ವಿಷಯವಾಗಿತ್ತು. ಕಂದಾಯ ಎಷ್ಟಿರಬೇಕು, ಯುದ್ಧ ಯಾವಾಗ ನಡೆಯಬೇಕು, ಕೆರೆಯ ಏರಿಗೆ ಹಣ ಕೊಡಬೇಕೆ ಬೇಡವೆ ಎಂಬುದನ್ನೆಲ್ಲ ಅರಸನೂ ಅವನ ಮಂತ್ರಿಗಳೂ ನಿರ್ಧರಿಸುತ್ತಿದ್ದರು. ಅದರ ಫಲವನ್ನು ಪ್ರಜೆಗಳು ಅನುಭವಿಸುತ್ತಿದ್ದರು. ಪ್ರಜಾಪ್ರಭುತ್ವವು ಈ ಕ್ರಮವನ್ನು ತಲೆಕೆಳಗು ಮಾಡಿತು. ಆಳುವವರನ್ನು ಆರಿಸುವ ಅಧಿಕಾರವೂ, ಅವರು ಸರಿಬಾರದಿದ್ದಲ್ಲಿ ಬದಲಿಸುವ ಅಧಿಕಾರವೂ ಪ್ರಜೆಗಳ ಕೈಗೆ ಬಂದುವು. ಆದರೆ ಅಧಿಕಾರವು ಕೈಗೆ ಬಂದರಷ್ಟೇ ಸಾಲದು. ಅದನ್ನು ಬಳಸುವ ಬಗೆಯೂ ತಿಳಿದಿರಬೇಕು. ಬಳಸಲು ಬಾರದ ಅಧಿಕಾರವು ಬೀಗದ ಕೈ ಕಳೆದುಹೋದ ಪೆಟ್ಟಿಗೆಯಲ್ಲಿಟ್ಟ ಹಣದಂತೆ. ಈ ತಿಳಿವಳಿಕೆಯನ್ನು ಕೋಟ್ಯಂತರ ಜನರಿಗೆ, ಅದರಲ್ಲಿಯೂ ಅಕ್ಷರ ಬಾರದವರಿಗೆ, ತಲುಪಿಸುವುದು ಹೇಗೆ? ಸ್ವತಂತ್ರ ಭಾರತವು ತನ್ನ ಮೊದಲನೆಯ ಮಹಾಚುನಾವಣೆಯಲ್ಲಿ ಎದುರಿಸಿದ ಪ್ರಶ್ನೆ ಇದೇ.

ಬ್ರಿಟಿಷರ ಆಳ್ವಿಕೆಯಲ್ಲಿಯೂ ಚುನಾವಣೆಗಳು ನಡೆದಿದ್ದುವು. ಆದರೆ ಆಸ್ತಿ, ತೆರಿಗೆ, ವಿದ್ಯಾಭ್ಯಾಸ ಮೊದಲಾದ ಅರ್ಹತೆಗಳುಳ್ಳ ಕೆಲವರಿಗೆ ಮಾತ್ರ ಮತದಾನದ ಹಕ್ಕಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಈ ಬೇಲಿಯನ್ನು ಕಿತ್ತೆಸೆಯಿತು. ಅದರ 326ನೆಯ ವಿಧಿಯ ಪ್ರಕಾರ, ವಯಸ್ಕರಾದ ಸ್ತ್ರೀಪುರುಷರೆಲ್ಲರೂ ಮತದಾರರಾದರು. ಅಂದು ಇದಕ್ಕೆ 21 ವರ್ಷ ತುಂಬಿರಬೇಕಾಗಿತ್ತು. 1989ರಲ್ಲಿ ಈ ಮಿತಿಯನ್ನು 18ಕ್ಕೆ ಇಳಿಸಲಾಯಿತು. ಸಾವಿರ ಎಕರೆಯ ಒಡೆಯನಿಗೂ ಒಂದೇ ಮತ, ಅವನ ಹೊಲದಲ್ಲಿ ಕಳೆ ಕೀಳುವವಳಿಗೂ ಒಂದೇ ಮತ. ಸ್ವಿಟ್ಜರ್ಲೆಂಡಿನಂಥ ಹಳೆಯ ಪ್ರಜಾರಾಜ್ಯದಲ್ಲಿ ರಾಷ್ಟ್ರೀಯ ಚುನಾವಣೆಗಳಲ್ಲಿ ಮತ ನೀಡುವ ಹಕ್ಕು ಸ್ತ್ರೀಯರಿಗೆ ದೊರೆತದ್ದು 1971ರಲ್ಲಿ ಎಂಬುದನ್ನು ನೆನೆದರೆ, ಈ ಹೆಜ್ಜೆ ಎಷ್ಟು ದಿಟ್ಟವಾದುದೆಂಬುದು ಮನವರಿಕೆಯಾಗುತ್ತದೆ.

ದಿಟ್ಟತನದೊಡನೆ ಕಷ್ಟವೂ ಬಂದಿತು. ಮತದಾರರ ಸಂಖ್ಯೆ 17 ಕೋಟಿಗೂ ಹೆಚ್ಚು. ದೇಶದ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಓದುಬರಹ ತಿಳಿಯದು. ಮೊದಲು ವಿದ್ಯೆ, ಆಮೇಲೆ ಮತ ಎಂದು ವಾದಿಸುವವರಿಗೆ ಇದೊಂದು ಬಲವಾದ ಆಧಾರವಾಗಿತ್ತು. ಆದರೆ ಓದುಬಾರದವನಿಗೆ ವಿವೇಕವಿಲ್ಲವೆಂದು ಹೇಳುವುದು ಸರಿಯಲ್ಲ. ಮಳೆಯ ಲಕ್ಷಣವನ್ನೂ ಮಣ್ಣಿನ ಗುಣವನ್ನೂ ಬಲ್ಲ ರೈತನಿಗೆ, ತನ್ನ ಊರಿಗೆ ಹಿತವಾದುದು ಯಾವುದೆಂಬುದೂ ತಿಳಿಯುತ್ತದೆ. ಅವನಿಗೆ ಬಾರದುದು ಅಕ್ಷರ ಮಾತ್ರ. ಆದಕಾರಣ, ಜನರು ವ್ಯವಸ್ಥೆಗೆ ತಕ್ಕಂತೆ ಬದಲಾಗಲೆಂದು ಕಾಯುವ ಬದಲು, ವ್ಯವಸ್ಥೆಯನ್ನೇ ಜನರಿಗೆ ತಿಳಿಯುವಂತೆ ರೂಪಿಸಬೇಕಾಯಿತು. ಈ ಹೊಣೆಯನ್ನು ಹೊತ್ತವರು ಚುನಾವಣಾ ಆಯೋಗದ ಮೊದಲನೆಯ ಮುಖ್ಯ ಆಯುಕ್ತರಾದ ಸುಕುಮಾರ್ ಸೇನ್.

ಮೊದಲ ಕೆಲಸ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವುದು. ಮನೆಮನೆಗೆ ಹೋದ ಸಿಬ್ಬಂದಿಗೆ ಅಲ್ಲೊಂದು ವಿಚಿತ್ರವಾದ ತೊಡಕು ಎದುರಾಯಿತು. ಉತ್ತರ ಭಾರತದ ಹಲವು ಪ್ರದೇಶಗಳಲ್ಲಿ ಹೆಂಗಸರು ಅಪರಿಚಿತರ ಮುಂದೆ ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದಷ್ಟೇ ಬರೆಸಿದರು. ಆಯೋಗವು ಇದನ್ನು ಒಪ್ಪಲಿಲ್ಲ. ಮತದಾರಳು ಯಾರದೋ ಸಂಬಂಧಿಯಲ್ಲ, ಸ್ವತಂತ್ರಳಾದ ಪ್ರಜೆ. ಆಕೆಗೆ ತನ್ನದೇ ಹೆಸರಿರಬೇಕು ಎಂಬುದು ಅದರ ನಿಲುವು. ಹೆಸರು ತಿಳಿಸಲು ಬಿಹಾರದಲ್ಲಿ ಒಂದು ತಿಂಗಳ ಹೆಚ್ಚಿನ ಅವಧಿಯನ್ನೂ ನೀಡಲಾಯಿತು. ಹಾಗಿದ್ದರೂ, ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅಷ್ಟು ಜನರ ಹಕ್ಕು ಆ ಸಲ ವ್ಯರ್ಥವಾದುದು ಸಣ್ಣ ನಷ್ಟವೇನಲ್ಲ. ಆದರೆ ಹೆಸರಿಲ್ಲದ ಮತವಿಲ್ಲವೆಂಬ ಮಾತು ಮನೆಗಳ ಒಳಕೋಣೆಯವರೆಗೂ ಮುಟ್ಟಿತು. ಪ್ರಜೆಯೆಂದರೆ ಯಾರು ಎಂಬುದರ ಮೊದಲ ಪಾಠ ಇದು.

ಎರಡನೆಯದು, ಅಭ್ಯರ್ಥಿಗಳನ್ನು ಗುರುತಿಸುವ ಬಗೆ. ಹೆಸರನ್ನು ಓದಲಾರದವರು ಚಿತ್ರವನ್ನು ಗುರುತಿಸಬಲ್ಲರು. ಆದುದರಿಂದ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಚಿಹ್ನೆಗಳನ್ನು ಕೊಡಲಾಯಿತು. ನೊಗ ಹೊತ್ತ ಜೋಡೆತ್ತು, ಗುಡಿಸಲು, ಮರ, ದೀಪ, ತೆನೆ ಮತ್ತು ಕುಡುಗೋಲು—ಇವೆಲ್ಲ ಹಳ್ಳಿಯವರು ದಿನವೂ ಕಾಣುವ ವಸ್ತುಗಳು. ಮತಗಟ್ಟೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆಯಿತ್ತು. ಅದರ ಮೇಲೆ ಅವನ ಚಿಹ್ನೆಯನ್ನು ಅಂಟಿಸಲಾಗಿತ್ತು. ಮತದಾರನು ಏನನ್ನೂ ಬರೆಯಬೇಕಾಗಿರಲಿಲ್ಲ. ಮರೆಯಾದ ಸ್ಥಳಕ್ಕೆ ಹೋಗಿ, ತನಗೆ ಒಪ್ಪಿಗೆಯಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕಿ ಬಂದರಾಯಿತು. ಈ ಮರೆಯೂ ಒಂದು ಪಾಠವೇ. ಸಾಲಗಾರನು ಸಾಹುಕಾರನ ಕಣ್ಣೆದುರಿನಲ್ಲಿ, ಆಳು ಒಡೆಯನ ಕಣ್ಣೆದುರಿನಲ್ಲಿ ಮತ ಹಾಕಬೇಕಾಗಿದ್ದರೆ ಆ ಮತವು ಅವನದಾಗುತ್ತಿರಲಿಲ್ಲ. ಗೋಪ್ಯತೆಯೇ ಬಡವನ ಮತಕ್ಕೆ ರಕ್ಷೆ.

ಮೂರನೆಯದು, ಒಬ್ಬನು ಎರಡು ಸಲ ಮತ ಹಾಕದಂತೆ ತಡೆಯುವುದು. ಇದಕ್ಕೆ ಒದಗಿದುದು ಬೆರಳಿಗೆ ಹಚ್ಚುವ ಶಾಯಿ. ಇದರಲ್ಲಿ ಬೆಳ್ಳಿಯ ನೈಟ್ರೇಟ್ ಇರುತ್ತದೆ. ಅದು ಚರ್ಮದ ಮೇಲಿನ ಉಪ್ಪಿನೊಡನೆ ಬೆರೆತು, ಬೆಳಕು ತಗುಲಿದಾಗ ಕಪ್ಪಾಗುತ್ತದೆ. ಸಾಬೂನಿನಿಂದ ತೊಳೆದರೂ ಹೋಗದೆ ಅನೇಕ ದಿನ ಉಳಿಯುತ್ತದೆ. 1962ರ ಮಹಾಚುನಾವಣೆಯಿಂದೀಚೆಗೆ ಈ ಶಾಯಿಯನ್ನು ದೇಶಕ್ಕೆಲ್ಲ ಒದಗಿಸುತ್ತಿರುವುದು ಮೈಸೂರಿನ ಒಂದು ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ತಯಾರಿಕೆಗಾಗಿ ಸ್ಥಾಪನೆಯಾದ ಈ ಸಂಸ್ಥೆ ಈಗ ರಾಜ್ಯ ಸರ್ಕಾರದ ಒಡೆತನದಲ್ಲಿದೆ. ಅರಸರ ಆಳ್ವಿಕೆಯಲ್ಲಿ ಹುಟ್ಟಿದ ಕಾರ್ಖಾನೆಯೊಂದು ಪ್ರಜೆಗಳ ಆಳ್ವಿಕೆಯ ಗುರುತನ್ನು ಕೋಟ್ಯಂತರ ಬೆರಳುಗಳ ಮೇಲೆ ಮೂಡಿಸುತ್ತಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

1951ರ ಅಕ್ಟೋಬರ್ 25ರಂದು, ಹಿಮ ಬೀಳುವ ಮೊದಲೇ ಮುಗಿಯಲೆಂದು, ಹಿಮಾಚಲ ಪ್ರದೇಶದ ಚಿನಿ ಎಂಬಲ್ಲಿ ಮತದಾನ ಆರಂಭವಾಯಿತು. 1952ರ ಫೆಬ್ರವರಿಯವರೆಗೆ ಅದು ದೇಶದ ನಾನಾ ಭಾಗಗಳಲ್ಲಿ ನಡೆಯಿತು. ಆಗಿನ್ನೂ ಕರ್ನಾಟಕವು ಒಂದುಗೂಡಿರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಬೇರೆಬೇರೆ ರಾಜ್ಯಗಳ ಮತದಾರರಾಗಿದ್ದರು. ನೂರಕ್ಕೆ ಸುಮಾರು 45 ಮಂದಿ ಮತ ನೀಡಿದರು. ಎಣಿಕೆಗಾಗಿ ತೆರೆದ ಕೆಲವು ಪೆಟ್ಟಿಗೆಗಳಲ್ಲಿ ಮತಪತ್ರಗಳ ಜೊತೆಗೆ ನಾಣ್ಯಗಳೂ ಬರೆದ ಚೀಟಿಗಳೂ ದೊರೆತುವು. ದೇವರ ಹುಂಡಿಗೆ ಕಾಣಿಕೆ ಹಾಕುವ ಜನರು ಈ ಹೊಸ ಪೆಟ್ಟಿಗೆಯನ್ನೂ ಹಾಗೆಯೇ ಕಂಡಿರಬಹುದು. ಇದನ್ನು ಕೇಳಿ ನಗು ಬರಬಹುದು. ಆದರೆ ಅವರು ಪೆಟ್ಟಿಗೆಯನ್ನು ಕಡೆಗಣಿಸಲಿಲ್ಲವೆಂಬುದನ್ನು ಗಮನಿಸಬೇಕು.

ಈ ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಮತಪತ್ರವನ್ನು ಪೆಟ್ಟಿಗೆಗೆ ಹಾಕದೆ ಹೊರಗೆ ತಂದು ಇನ್ನೊಬ್ಬರಿಗೆ ಮಾರುವುದಕ್ಕೆ ಅವಕಾಶವಿತ್ತು. ಆದುದರಿಂದ 1962ರ ಹೊತ್ತಿಗೆ ಬೇರೆಬೇರೆ ಪೆಟ್ಟಿಗೆಗಳನ್ನು ಬಹುಮಟ್ಟಿಗೆ ಬಿಟ್ಟು, ಎಲ್ಲ ಹೆಸರುಗಳನ್ನೂ ಚಿಹ್ನೆಗಳನ್ನೂ ಅಚ್ಚುಹಾಕಿದ ಒಂದೇ ಮತಪತ್ರದ ಮೇಲೆ ಮುದ್ರೆ ಒತ್ತುವ ಕ್ರಮ ಬಂದಿತು. ಮುಂದೆ ಬಳಕೆಗೆ ಬಂದ ಮುದ್ರೆಯಲ್ಲಿ ಬಾಣದಂಥ ತೋಳುಗಳು ಒಂದೇ ದಿಕ್ಕಿಗೆ ತಿರುಗಿರುತ್ತಿದ್ದುವು. ಮಡಿಸಿದಾಗ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಹೆಸರಿನ ಮೇಲೆ ಅಂಟಿದರೂ, ಅಲ್ಲಿ ತೋಳುಗಳು ಎದುರು ದಿಕ್ಕಿಗೆ ತಿರುಗಿದಂತೆ ಮೂಡುವುದರಿಂದ ನಿಜವಾದ ಮತ ಯಾವುದೆಂದು ತಿಳಿಯುತ್ತಿತ್ತು. 1982ರಲ್ಲಿ ಕೇರಳದ ಪರವೂರಿನಲ್ಲಿ ವಿದ್ಯುನ್ಮಾನ ಮತಯಂತ್ರವನ್ನು ಮೊದಲು ಬಳಸಲಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಅದು ಎಲ್ಲ ಕ್ಷೇತ್ರಗಳಿಗೂ ಬಂದಿತು. ಯಂತ್ರ ಬದಲಾದರೂ ಗುಂಡಿಯ ಪಕ್ಕದಲ್ಲಿ ಚಿಹ್ನೆ ಉಳಿದಿದೆ; ಬೆರಳಿನ ಮೇಲೆ ಶಾಯಿಯೂ ಉಳಿದಿದೆ.

ಮತ ಹಾಕಿದೊಡನೆ ಪ್ರಜೆಯ ಕರ್ತವ್ಯ ಮುಗಿಯುವುದಿಲ್ಲ. ಆರಿಸಿಹೋದವರು ಏನು ಮಾಡುತ್ತಿದ್ದಾರೆಂಬುದನ್ನು ಅರಿಯುವುದೂ ಅಷ್ಟೇ ಮುಖ್ಯ. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಮೇಲೆ, ಹಳ್ಳಿಯ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಬೀದಿಯ ದೀಪ, ಕುಡಿಯುವ ನೀರು, ಚರಂಡಿಗಳ ವಿಷಯವನ್ನು ಅವರು ಅಲ್ಲಿ ಪ್ರಸ್ತಾಪಿಸಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ, ಸರ್ಕಾರಿ ಕಚೇರಿಯ ದಾಖಲೆಗಳ ಮಾಹಿತಿಯನ್ನು ಯಾವ ಪ್ರಜೆಯಾದರೂ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದುದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದೂ ಆ ಕಾಯಿದೆ ವಿಧಿಸುತ್ತದೆ. ಅಕ್ಷರ ಬಾರದಿರುವುದು ಹಕ್ಕಿಗೆ ಅಡ್ಡಿಯಾಗಬಾರದೆಂಬ ಮೊದಲ ಚುನಾವಣೆಯ ತತ್ತ್ವವೇ ಇಲ್ಲಿಯೂ ಕಾಣುತ್ತದೆ.

ಆಡಳಿತವು ಅರ್ಥವಾಗದಿದ್ದರೆ ಅದು ಮತ್ತೆ ಕೆಲವೇ ಜನರ ಸ್ವತ್ತಾಗುತ್ತದೆ. ತಿಳಿದವರು ಆಳುತ್ತಾರೆ, ತಿಳಿಯದವರು ಕೈಕಟ್ಟಿ ನಿಲ್ಲುತ್ತಾರೆ. ಹಾಗಾಗದಂತೆ ಅದನ್ನು ಎಲ್ಲರಿಗೂ ತಿಳಿಯುವಂತೆ ನಡೆಸುವುದು ಆಳುವವರ ಹೊಣೆ. ಕೇಳಿ ತಿಳಿಯುವುದು ಪ್ರಜೆಗಳ ಹೊಣೆ. 1951ರಲ್ಲಿ ತಮ್ಮ ಹೆಸರನ್ನು ಹೇಳಲು ಹಿಂಜರಿದ ಹೆಂಗಸರ ನಾಡಿನಲ್ಲಿಯೇ, 2019ರ ಲೋಕಸಭಾ ಚುನಾವಣೆಯಲ್ಲಿ ಸ್ತ್ರೀಯರ ಮತದಾನದ ಪ್ರಮಾಣವು ಮೊದಲ ಸಲ ಪುರುಷರದನ್ನು ಮೀರಿತು. ತಿಳಿವಳಿಕೆಯನ್ನು ಜನರ ಬಾಗಿಲಿಗೆ ಒಯ್ದರೆ ಅವರು ಅದನ್ನು ಬರಮಾಡಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.