ಕಿಬ್ಬೊಟ್ಟೆಯ ನೋವು ಬೆನ್ನಿಗೆ ಏರಿದರೆ ತಡ ಮಾಡಬೇಡಿ



ಉರಿಮೂತ್ರ ಬಂದರೆ ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಸೋಂಕು ಮೂತ್ರಕೋಶದಲ್ಲಿದ್ದಾಗ ಕಿಬ್ಬೊಟ್ಟೆ ನೋಯುತ್ತದೆ, ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ. ಅದು ಮೇಲೇರಿ ಕಿಡ್ನಿಗೆ ತಲುಪಿದರೆ ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಬದಿಯಲ್ಲಿ ನೋವು. ಜೊತೆಗೆ ಚಳಿಜ್ವರ, ವಾಂತಿ. ಇದನ್ನು ಸೊಂಟದ ಉಳುಕೆಂದು ಮುಲಾಮು ಹಚ್ಚಿ ಕೂರುವವರುಂಟು. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಹೀಗಾದಾಗ ಅದೇ ದಿನ ವೈದ್ಯರನ್ನು ಕಾಣಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಉರಿ ಶುರುವಾದಾಗಲೇ ತೋರಿಸಿಕೊಳ್ಳಬೇಕು.

ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ ಮಾತ್ರ, ರೋಗಾಣು ಬೇಗ ಒಳಸೇರುತ್ತದೆ. ಶೌಚಾಲಯವಿಲ್ಲದ ಕಡೆ ನೀರೇ ಕುಡಿಯದೆ, ಮೂತ್ರ ತಡೆದು ದುಡಿಯುವ ಅಕ್ಕಂದಿರ ಪಾಡು ಹೇಳುವುದೇ ಬೇಡ.

ಕಾಕ್ಕನಾಡಿಗೆ ಹೊಸದಾಗಿ ಬಂದವರಿಗೆ ಭಾಷೆಯ ಅಂಜಿಕೆಯೂ ಇರುತ್ತದೆ. ‘ಪನಿ’ ಎಂದರೆ ಜ್ವರ, ‘ನಡುವೇದನ’ ಎಂದರೆ ಬೆನ್ನುನೋವು. ಇಷ್ಟು ಮಲಯಾಳ ಸಾಕು. ಕಳಮಶ್ಶೇರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ದೂರವೇನಲ್ಲ. ಉರಿ ನಿಂತಿತೆಂದು ಆಂಟಿಬಯೋಟಿಕ್ ಮಾತ್ರೆಯನ್ನು ನಡುವೆ ಬಿಡಬಾರದು.

ಮೂತ್ರ ಪರೀಕ್ಷೆಯ ಖರ್ಚು ಸಣ್ಣದು, ಆಸ್ಪತ್ರೆಗೆ ಸೇರಿದರೆ ದೊಡ್ಡದು. ಆ ಸಣ್ಣ ಖರ್ಚಿಗೂ ಹಿಂಜರಿಯುವವರು ನಿಮ್ಮ ನೆರೆಯಲ್ಲಿದ್ದರೆ ಸಂಘಕ್ಕೆ ತಿಳಿಸಿ. ವೈದ್ಯಕೀಯ ನೆರವು ನಿಧಿಗೆ ಕೈಲಾದಷ್ಟು ಕೊಡಬೇಕೆಂದು ಕೋರುತ್ತೇವೆ.