500 ರೂಪಾಯಿಗೆ ವರ್ಷವಿಡೀ ಎಲ್ಲ ಚಾನೆಲ್: ಈ ಐಪಿಟಿವಿ ಆಫರ್ ನಂಬಬಹುದೇ?

‘ಕೇಬಲ್, ಡಿಶ್ ಯಾವುದೂ ಬೇಡ, ಈ ಆ್ಯಪ್ ಹಾಕಿಕೊಂಡರೆ ಸಾಕು’ ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ನಿಜ ಏನು? ಇಂಟರ್ನೆಟ್ ತಂತ್ರಜ್ಞಾನದಲ್ಲಿ ಟಿವಿ ಚಾನೆಲ್ ತಲುಪಿಸುವುದೇ ಐಪಿಟಿವಿ. ಅದು ಕಾನೂನುಬಾಹಿರವಲ್ಲ. ಕೇಂದ್ರ ಸರ್ಕಾರ 2008ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅನುಮತಿ ಪಡೆದ ಕಂಪನಿ ತನ್ನ ಬ್ರಾಡ್‌ಬ್ಯಾಂಡ್ ಜಾಲದಲ್ಲಿ ಚಾನೆಲ್ ಕಳಿಸುತ್ತದೆ. ನೀವು ಕೊಡುವ ಹಣದಲ್ಲಿ ಪೇ ಚಾನೆಲ್‌ನವರಿಗೂ ಪಾಲು ಹೋಗುತ್ತದೆ.

ಸುಳ್ಳು ಏನು? ಅಷ್ಟು ಅಗ್ಗಕ್ಕೆ ಎಲ್ಲ ಪೇ ಚಾನೆಲ್ ಸಿಗುತ್ತಿದ್ದರೆ ಆ ಪಾಲು ಯಾರಿಗೂ ಹೋಗುತ್ತಿಲ್ಲ, ಸಿಗ್ನಲ್ ಕದ್ದದ್ದು ಎಂದೇ ಅನುಮಾನಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಪ್ರಸಾರದ ಮೇಲೆ ಚಾನೆಲ್‌ಗೆ 25 ವರ್ಷ ಹಕ್ಕಿದೆ. ಗೊತ್ತಿದ್ದೂ ಅದನ್ನು ಉಲ್ಲಂಘಿಸಿದರೆ, ಉಲ್ಲಂಘನೆಗೆ ನೆರವಾದರೆ 3 ವರ್ಷದವರೆಗೆ ಜೈಲು ಆಗಬಹುದು.

ನಿಮಗೇನು ನಷ್ಟ? ನಾಳೆ ಸರ್ವರ್ ನಿಂತರೆ ಹಣ ವಾಪಸ್ ಕೇಳಲು ಯಾರೂ ಇರುವುದಿಲ್ಲ. ಲಿಂಕ್ ಮೂಲಕ ಹಾಕಿಕೊಂಡ ಎಪಿಕೆ ಫೈಲ್‌ಗೆ ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕ್ ಒಟಿಪಿಯೂ ಅದರ ಕೈಗೆ ಸಿಗುತ್ತದೆ.

ಇಂಥ ಲಿಂಕ್ ಬಂದರೆ ಫಾರ್ವರ್ಡ್ ಮಾಡಬೇಡಿ, ಡಿಲೀಟ್ ಮಾಡಿ.